ಇಂಜಿನ್ ಆಮೇಲೆ, ಮೊದಲು ಸಿಲ್ ನೋಡಿ

ಪ್ರಶ್ನೆ: ಅಪ್ಪ ಬಿಟ್ಟುಹೋದ 1970ರ ಎಂಜಿಬಿ ರೋಡ್‌ಸ್ಟರ್ (ಬ್ರಿಟನ್ನಿನ ಓಪನ್ ಟಾಪ್ ಸ್ಪೋರ್ಟ್ಸ್ ಕಾರು) ನನ್ನ ಹತ್ತಿರ ಇದೆ. ಮಾರುವ ಯೋಚನೆ ಇಲ್ಲ. ಮುಂದೆ ಮಗಳೂ ಓಡಿಸಬೇಕು ಅನ್ನೋದು ಆಸೆ. ಸ್ವಲ್ಪ ದುಡ್ಡು ಕೂಡಿಸಿಟ್ಟಿದ್ದೇನೆ. ಮೊದಲು ಇಂಜಿನ್ ಬಿಚ್ಚಿಸಲಾ, ಪೇಂಟ್ ಮಾಡಿಸಲಾ?

ಉತ್ತರ: ಎರಡೂ ಬೇಡ. ಮೊದಲು ಸಿಲ್, ಅಂದರೆ ಬಾಗಿಲ ಕೆಳಗೆ ಉದ್ದಕ್ಕೂ ಇರುವ ತಗಡಿನ ಪಟ್ಟಿ, ನೋಡಿ.

ಇದಕ್ಕೂ ಮುಂಚಿನ ಎಂಜಿಎ ಮಾಡೆಲ್‌ಗೆ ಪ್ರತ್ಯೇಕ ಚಾಸಿ ಇತ್ತು. 1962ರಲ್ಲಿ ಬಂದ ಎಂಜಿಬಿಯಲ್ಲಿ ಬಾಡಿಯೇ ಚಾಸಿ. ಅದರಲ್ಲೂ ಗಟ್ಟಿ ರೂಫ್ ಇಲ್ಲದ ನಿಮ್ಮ ರೋಡ್‌ಸ್ಟರ್‌ಗೆ ಎರಡು ಕಡೆಯ ಸಿಲ್‌ಗಳೇ ಬೆನ್ನುಮೂಳೆ. ಹೊರಗೊಂದು ತಗಡು, ಒಳಗೊಂದು, ನಡುವೆ ಇನ್ನೊಂದು. ಆ ಸಂದಿಗೆ ಮಣ್ಣು, ನೀರು ಸೇರಿದರೆ ತುಕ್ಕು ಒಳಗಿಂದ ತಿನ್ನುತ್ತಾ ಬರುತ್ತದೆ. ಪೇಂಟ್ ಮೇಲೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಬಹಳ ಹೋಗಿರುತ್ತದೆ.

ಬಾಗಿಲು ಮುಚ್ಚಿ ಅದರ ಹಿಂಬದಿಯ ಸಂದು ನೋಡಿ. ಮೇಲಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ಒಂದೇ ಅಗಲ ಇರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಬಾಡಿ ನಡುವೆ ಕುಸಿದಿರಬಹುದು. ಆಮೇಲೆ ಚಿಕ್ಕ ಆಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಸಿಲ್ ಉದ್ದಕ್ಕೂ ಎಳೆಯಿರಿ. ಎಲ್ಲಿ ಕಚ್ಚುವುದಿಲ್ಲವೋ ಅಲ್ಲಿ ಪುಟ್ಟಿ ಮೆತ್ತಿದ್ದಾರೆ ಅಂತಲೇ ಅರ್ಥ. ಇಂಥ ಸಿಲ್ ಮೇಲೆ ಎಷ್ಟು ಹೊಳೆಯುವ ಪೇಂಟ್ ಹೊಡೆಸಿದರೂ ದುಡ್ಡು ದಂಡ.

ಸಿಲ್ ಬದಲಾಯಿಸುವುದಾದರೆ ಟಿಂಕರಿಂಗ್ ಮಾಡುವವರನ್ನು ಒಂದೇ ಪ್ರಶ್ನೆ ಕೇಳಿ: ‘ಕತ್ತರಿಸುವ ಮುಂಚೆ ಬಾಗಿಲ ಜಾಗಕ್ಕೆ ಅಡ್ಡ ಕಬ್ಬಿಣ ಬೆಸೆಯುತ್ತೀರಾ?’ ‘ಅದೆಲ್ಲ ಯಾಕೆ’ ಅಂದರೆ ಕಾರು ವಾಪಸ್ ತನ್ನಿ. ಆಧಾರ ಕೊಡದೆ ಕತ್ತರಿಸಿದರೆ ಬಾಡಿ ಬಗ್ಗುತ್ತದೆ, ಆಮೇಲೆ ಬಾಗಿಲು ಸರಿಯಾಗಿ ಕೂರುವುದೇ ಇಲ್ಲ.

ಇಂಜಿನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಆ 1798 ಸಿಸಿ ಬಿ-ಸೀರೀಸ್ ಗಟ್ಟಿ ಪಿಂಡ. ಎಂದು ಬೇಕಾದರೂ ಇಳಿಸಿ ರಿಪೇರಿ ಮಾಡಿಸಬಹುದು. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಂದವು. ಹಾಗಾಗಿ ಸಾಮಾನಿಗೆ ಬರವಿಲ್ಲ. ಬ್ರಿಟಿಷ್ ಮೋಟರ್ ಹೆರಿಟೇಜ್‌ನವರು 1988ರಿಂದ ಪೂರ್ತಿ ಹೊಸ ಬಾಡಿಯನ್ನೇ ಮಾಡಿ ಮಾರಿದ್ದಾರೆ! ಅಪ್ಪನ ಕಾರಿಗೆ ಅಷ್ಟು ದೂರ ಹೋಗುವ ಮನಸ್ಸು ನಿಮಗೆ ಬರಲಿಕ್ಕಿಲ್ಲ, ನನಗಂತೂ ಬರುವುದಿಲ್ಲ.

ಇನ್ನೊಂದು, ಗ್ರೀಸ್. ಮುಂದಿನ ಎರಡೂ ಕಿಂಗ್‌ಪಿನ್‌ಗಳಿಗೆ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೀಲು) ಮೂರು ಮೂರು ನಿಪ್ಪಲ್, ಅಂದರೆ ಗ್ರೀಸ್ ತುಂಬುವ ಪುಟ್ಟ ಬಾಯಿ, ಇವೆ. ಚಕ್ರ ನೆಲದಿಂದ ಎತ್ತಿ, ಹಳೆಯ ಕಪ್ಪು ಗ್ರೀಸ್ ಹೊರಗೆ ಬರುವವರೆಗೆ ಗ್ರೀಸ್ ಗನ್ ಒತ್ತಿ. ಪ್ರತಿ 3000 ಮೈಲಿಗೊಮ್ಮೆ ಸಾಕು. ಕಡಿಮೆ ಓಡಿಸುವವರು ಮೈಲಿ ಲೆಕ್ಕ ಬಿಟ್ಟು ವರ್ಷಕ್ಕೊಮ್ಮೆ ಮಾಡಿ.

ಪ್ರಶ್ನೆ: ನನ್ನ ಎಂಜಿಬಿ ಕೆಲವು ತಿಂಗಳು ನಿಂತೇ ಇತ್ತು. ಈಗ ಸೆಲ್ಫ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ.

ಉತ್ತರ: ಕೀ ತಿರುಗಿಸಿ ಸುಮ್ನೆ ಕಿವಿಗೊಡಿ. ಹಿಂದಿನಿಂದ ಟಿಕ್‌ಟಿಕ್ ಸದ್ದು ಬಂದು, ಕಾರ್ಬುರೇಟರ್ ತುಂಬಿದ ಮೇಲೆ ನಿಲ್ಲಬೇಕು. ಅದು ಎಸ್‌ಯು ಪೆಟ್ರೋಲ್ ಪಂಪ್. ಸದ್ದೇ ಇಲ್ಲದಿದ್ದರೆ ನಿಂತು ನಿಂತು ಅದರ ಪಾಯಿಂಟ್ಸ್ (ಕರೆಂಟ್ ಹಾಯಿಸುವ ಚಿಕ್ಕ ತುದಿಗಳು) ಕಿಲುಬು ಹಿಡಿದಿರಬಹುದು. ಸ್ಪ್ಯಾನರ್ ಹಿಡಿಯಿಂದ ಪಂಪಿಗೆ ಮೆಲ್ಲಗೆ ತಟ್ಟಿ. ನನ್ನ ಎಂಜಿಬಿ ಜಿಟಿಯಲ್ಲಿ (ಗಟ್ಟಿ ರೂಫ್ ಇರುವ ಮಾಡೆಲ್) ಈ ಏಟು ಎಷ್ಟೋ ಸಲ ಕೆಲಸ ಮಾಡಿದೆ. ಆದರೆ ಮನೆಗೆ ಬಂದ ಮೇಲೆ ಪಾಯಿಂಟ್ಸ್ ಬದಲಾಯಿಸಲೇಬೇಕು. ಹಾಗೇ ಪೆಟ್ರೋಲ್ ಪೈಪುಗಳನ್ನೂ ಮುಟ್ಟಿ ನೋಡಿ. ಎಥೆನಾಲ್ ಬೆರೆತ ಪೆಟ್ರೋಲ್‌ಗೆ ಹಳೆಯ ರಬ್ಬರ್ ತಡೆಯುವುದಿಲ್ಲ.

ಪ್ರಶ್ನೆ: 1965ರ ಎಂಜಿಬಿಗೆ ಮೊಬೈಲ್ ಚಾರ್ಜರ್ ಹಾಕಿಸಬಹುದಾ?

ಉತ್ತರ: ಬ್ಯಾಟರಿ ನೋಡದೆ ಬೇಡ. ಆ ಕಾಲದ ಎಂಜಿಬಿಯಲ್ಲಿ ಪ್ಲಸ್ ತಂತಿ ಬಾಡಿಗೆ ಸೇರಿರುತ್ತದೆ. ಈಗಿನ ಚಾರ್ಜರ್‌ಗಳೆಲ್ಲ ಮೈನಸ್ ಅರ್ತ್, ಅಂದರೆ ಮೈನಸ್ ತಂತಿ ಬಾಡಿಗೆ ಸೇರಿರುವ, ಲೆಕ್ಕದವು. ಹಾಗೇ ಸಿಕ್ಕಿಸಿದರೆ ಶಾರ್ಟ್ ಆಗಬಹುದು. ಹಿಂದಿನ ಮಾಲೀಕರು ಯಾರಾದರೂ ಮೈನಸ್ ಅರ್ತ್‌ಗೆ ಬದಲಾಯಿಸಿರಲೂಬಹುದು, ಅದಕ್ಕೇ ನೋಡಿ ಅಂದದ್ದು. ಬದಲಾಯಿಸಿಲ್ಲದಿದ್ದರೆ ಒಂದು ಪವರ್‌ಬ್ಯಾಂಕ್ ಇಟ್ಟುಕೊಳ್ಳಿ, ವೈರಿಂಗ್ ಮುಟ್ಟಬೇಡಿ.