ಪಂಜರದ ಹುಲಿಗೆ ಕುದುರೆಮುಖದ ದಾರಿ

ಪತ್ರ: ‘ಚೀನಾದ ಮೃಗಾಲಯದ ಹುಲಿಮರಿಗಳನ್ನು ದಕ್ಷಿಣ ಆಫ್ರಿಕಕ್ಕೆ ಒಯ್ದು ಬೇಟೆ ಕಲಿಸಿದ್ದಾರಂತೆ. ನಮ್ಮ ಮಂಗಳೂರಿನ ಪಿಲಿಕುಳ ಮೃಗಾಲಯದ ಹುಲಿಗಳನ್ನೂ ಹಾಗೆಯೇ ಪಳಗಿಸಿ ಕುದುರೆಮುಖಕ್ಕೆ ಬಿಡಬಾರದೇಕೆ? ಪತ್ರಿಕೆಯೇ ಸಹಿ ಸಂಗ್ರಹ ಆರಂಭಿಸಲಿ.’
– ಓದುಗರೊಬ್ಬರು, ಕಾರ್ಕಳ

ಸಂಪಾದಕರ ಉತ್ತರ:

ಪಳಗಿಸಿ ಎಂದಿರಿ. ಪಳಗಿದ್ದನ್ನು ಮರೆಸುವುದೇ ಇಲ್ಲಿರುವ ತೊಡಕು. ಸಹಿ ಸಂಗ್ರಹಕ್ಕೆ ನಾನು ಒಪ್ಪುವುದಿಲ್ಲ.

ನೀವು ಕೇಳಿದ ಸುದ್ದಿ ನಿಜ. ದಕ್ಷಿಣ ಚೀನಾ ಹುಲಿ 1950ರ ದಶಕದಲ್ಲಿ ನಾಲ್ಕು ಸಾವಿರದಷ್ಟಿತ್ತೆಂಬ ಅಂದಾಜಿದೆ. ಪೀಡೆಯೆಂದು ಸಾರಿ ಅದನ್ನು ಕೊಲ್ಲಿಸಿದ್ದು ಅಲ್ಲಿನ ಸರಕಾರವೇ. ಉಳಿದದ್ದು ಬೆರಳೆಣಿಕೆಯ ಹುಲಿಗಳಿಂದ ಮೃಗಾಲಯಗಳಲ್ಲಿ ಬೆಳೆದ ಸಂತತಿ. 2003ರಲ್ಲಿ ಹೋಪ್, ಕ್ಯಾಥೇ ಎಂಬ ಮರಿಗಳು ದಕ್ಷಿಣ ಆಫ್ರಿಕದ ಲಾವೋಹು ಕಣಿವೆಗೆ ಹೋದವು, ಬೇಲಿಯೊಳಗಿನ ಹುಲ್ಲುಗಾವಲಿನಲ್ಲಿ ಹುಲ್ಲೆ ಹಿಡಿಯಲು ಕಲಿತವು. ಹೋಪ್ 2005ರಲ್ಲಿ ಸತ್ತಿತು. 2007ರಲ್ಲಿ ಅಲ್ಲಿ ಮರಿಯೂ ಹುಟ್ಟಿತು. ಬೇಟೆಯ ಪಾಠ ಗೆದ್ದಿತು ಎನ್ನೋಣ. ಆದರೆ ಆ ವಂಶ ಚೀನಾದ ಬೇಲಿಯಿಲ್ಲದ ಕಾಡಿಗೆ ಇನ್ನೂ ಮರಳಿಲ್ಲ. ಹುಲಿ ಸಿದ್ಧವಾದರೆ ಸಾಲದು. ಜಿಂಕೆ, ಹಂದಿ ತುಂಬಿದ, ಜನವಸತಿಯಿಲ್ಲದ ವಿಶಾಲ ಕಾಡೂ ಸಿದ್ಧವಿರಬೇಕಲ್ಲ! ಆದರೂ ಚೀನಾದವರ ಹಟವನ್ನು ನಾನು ಹಳಿಯಲಾರೆ. ಆ ಉಪಜಾತಿಗೆ ಮೃಗಾಲಯ ಬಿಟ್ಟರೆ ಬೇರೆ ಗತಿಯಿಲ್ಲ.

ನಮ್ಮಲ್ಲೂ ಇಂಥ ಪ್ರಯತ್ನ ನಡೆದಿದೆ. 1976ರಲ್ಲಿ ವನ್ಯಜೀವಿ ಸಂರಕ್ಷಕ ಬಿಲ್ಲಿ ಅರ್ಜನ್ ಸಿಂಗ್ ಅವರು ಇಂಗ್ಲೆಂಡಿನ ಮೃಗಾಲಯದಲ್ಲಿ ಹುಟ್ಟಿದ ತಾರಾ ಎಂಬ ಮರಿಯನ್ನು ತಂದು ಸಾಕಿ, ಉತ್ತರ ಪ್ರದೇಶದ ದುಧ್ವಾ ಕಾಡಿಗೆ ಬಿಟ್ಟರು. ಅದರಲ್ಲಿ ಸೈಬೀರಿಯಾ ಹುಲಿಯ ರಕ್ತ ಬೆರೆತಿದೆಯೆಂದು ತಿಳಿದದ್ದು ಆಮೇಲೆ. ಅದು ನರಭಕ್ಷಕವಾಯಿತೋ ಇಲ್ಲವೋ ಎಂಬ ಜಗಳ ಅವರ ಜೀವಮಾನವಿಡೀ ಮುಗಿಯಲಿಲ್ಲ. ಒಂದು ಉಪಜಾತಿಯನ್ನು ಉಳಿಸಹೊರಟವರು ಮೊದಲು ವಂಶಾವಳಿ ನೋಡಬೇಕೆಂಬುದು ಆಗಿನಿಂದ ಎಲ್ಲರಿಗೂ ಗೊತ್ತು.

ಹಾಗಾದರೆ ಮಧ್ಯಪ್ರದೇಶದ ಪನ್ನಾ ಕಾಡಿಗೆ ಹುಲಿಯನ್ನು ಮರಳಿಸಿ ಗೆದ್ದದ್ದು ಹೇಗೆ ಎಂದು ನೀವು ಕೇಳಬಹುದು. 2009ರ ಹೊತ್ತಿಗೆ ಹುಲಿಯೇ ಇಲ್ಲದಂತಾಗಿದ್ದ ಅಲ್ಲಿಗೆ ಬಾಂಧವಗಢ, ಕಾನ್ಹಾಗಳಿಂದ ಕಾಡಿನ ಹುಲಿಗಳನ್ನೇ ತಂದರು. ಕಾನ್ಹಾದ ಆವರಣದಲ್ಲಿ ಬೆಳೆದ ಎರಡು ಹೆಣ್ಣುಹುಲಿಗಳನ್ನು 2011ರಲ್ಲಿ ಬಿಟ್ಟದ್ದೂ ನಿಜ. ಆದರೆ ಅವು ಕಾಡಿನ ತಾಯಿಗೆ ಹುಟ್ಟಿದ ತಬ್ಬಲಿಗಳು. ಮನುಷ್ಯರ ಸಹವಾಸ ತಗಲದಂತೆ ಎಚ್ಚರ ವಹಿಸಿ ಬೆಳೆಸಿದವು. ಅಂಥ ಮರಿ ಕನಿಷ್ಠ 50 ಬೇಟೆ ಮಾಡಿರಬೇಕು ಎಂಬುದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ನಿಯಮ. ಕಾವಲುಗಾರನ ಬಕೆಟ್ಟಿನ ಸದ್ದಿಗೆ ಓಡಿಬರುವ, ಶಾಲಾ ಮಕ್ಕಳ ಗದ್ದಲಕ್ಕೆ ಕಿವಿಯನ್ನೂ ನಿಮಿರಿಸದ ಹುಲಿಗೆ ಬೇಟೆ ಬಂದೀತು, ಮನುಷ್ಯನ ಭಯ ಬಾರದು. ಅದು ಹಸಿದಾಗ ಘಟ್ಟದ ಬುಡದ ಮಾಳ ಊರಿನ ತೋಟಗಳ ಕಡೆಗೇ ಇಳಿಯುತ್ತದೆ. ಆಗ ಬಂದೂಕು ತರಲು ಕೇಳುವವರಲ್ಲಿ ಸಹಿ ಹಾಕಿದವರೂ ಇರುತ್ತಾರೆ.

ಇಷ್ಟಕ್ಕೂ ನಮಗೆ ಚೀನಾದ ಗತಿ ಬಂದಿಲ್ಲ. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ. ಭದ್ರಾ ಅರಣ್ಯ ಘಟ್ಟದ ಮೇಲೇ ಇದೆ. ದಾರಿ ಕಡಿಯದಿದ್ದರೆ, ತಿನ್ನಲು ಕಡವೆ, ಕಾಟಿ ಇದ್ದರೆ, ಹುಲಿ ತಾನಾಗಿ ನಡೆದು ಬರುತ್ತದೆ. ಪಿಲಿಕುಳದ ಹುಲಿಗಳಿಗೆ ಬೇಕಾದದ್ದು ದೊಡ್ಡ ಆವರಣ, ಒಳ್ಳೆಯ ಆರೈಕೆ. ಅದನ್ನು ಕೇಳಿ, ನಾನೂ ದನಿಗೂಡಿಸುತ್ತೇನೆ.

ಸಹಿ ಹಾಕಿಸಲೇಬೇಕೆಂದಿದ್ದರೆ ಇನ್ನೊಂದು ಮನವಿ ಬರೆಯಿರಿ: ಘಟ್ಟದ ಬುಡದ ತೋಟಗಳಲ್ಲಿ ಹಂದಿಗೆಂದು ಕಟ್ಟುವ ತಂತಿ ಉರುಳುಗಳನ್ನು ತೆಗೆಸಬೇಕೆಂದು. ಅದರಲ್ಲಿ ಚಿರತೆಗಳೂ ಸಿಕ್ಕಿ ಸಾಯುತ್ತವೆ. ಕರಡು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲೇ ಅಚ್ಚು ಹಾಕುತ್ತೇವೆ.