ಅತ್ತೆಯವರು ಕೇರ್ ಹೋಮ್ ಸೇರಿದರೆ ಅಟೆಂಡೆನ್ಸ್ ಅಲವೆನ್ಸ್ ನಿಂತುಹೋಗುತ್ತದೆಯೇ?

ನೀವು ಬರೆದಿರುವುದು ಇಷ್ಟು: ಬಹಳ ವರ್ಷಗಳಿಂದ ಇಂಗ್ಲೆಂಡಿನಲ್ಲಿರುವ 83 ವರ್ಷದ ಅತ್ತೆಗೆ ಹೆಚ್ಚಿನ ದರದ ಅಟೆಂಡೆನ್ಸ್ ಅಲವೆನ್ಸ್ (ಪಿಂಚಣಿ ವಯಸ್ಸು ದಾಟಿ ಆರೈಕೆ ಬೇಕಾದವರಿಗೆ ಸರ್ಕಾರ ಕೊಡುವ ಭತ್ಯೆ) ಬರುತ್ತಿದೆ. ಒಬ್ಬರೇ ಇರುವ ಸ್ವಂತ ಮನೆ ಬಿಟ್ಟರೆ ಉಳಿತಾಯ ಹೆಚ್ಚಿಲ್ಲ. ಅವರನ್ನು ನೋಡಿಕೊಳ್ಳುವುದಕ್ಕೆ ನಿಮಗೆ ಕೇರರ್ಸ್ ಅಲವೆನ್ಸ್ ಬರುತ್ತಿದೆ. ಮುಂದಿನ ತಿಂಗಳು ಕಾಯಂ ಆಗಿ ಕೇರ್ ಹೋಮಿಗೆ ಸೇರಿಸುತ್ತಿದ್ದೀರಿ. ಹಣ ನಿಲ್ಲುತ್ತದೆಯೇ, ಯಾರಿಗೆ ಏನು ತಿಳಿಸಬೇಕು ಎಂದು ಕೇಳಿದ್ದೀರಿ.

ಹೋಮಿನ ಬಿಲ್ಲು ಯಾರು ಕಟ್ಟುತ್ತಾರೆ ಎನ್ನುವುದೊಂದರ ಮೇಲೆ ಎಲ್ಲ ನಿಂತಿದೆ. ಪೂರ್ತಿ ಬಿಲ್ಲು ಅವರ ಸ್ವಂತ ಹಣದಿಂದಲೋ ಮನೆಯವರ ಹಣದಿಂದಲೋ ಹೋಗುತ್ತಿದ್ದರೆ ಭತ್ಯೆ ಎಷ್ಟು ವರ್ಷವಾದರೂ ಬರುತ್ತಲೇ ಇರುತ್ತದೆ. ಕೌನ್ಸಿಲ್ (ಸ್ಥಳೀಯ ಆಡಳಿತ) ಅದರಲ್ಲಿ ಒಂದು ಸಣ್ಣ ಪಾಲು ಕೊಟ್ಟರೂ 28 ದಿನಗಳ ನಂತರ ಪೂರ್ತಿ ನಿಲ್ಲುತ್ತದೆ. ಪಾಲಿಗೆ ತಕ್ಕಂತೆ ಕಡಿತ ಎನ್ನುವುದಿಲ್ಲ. ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ತನ್ನ ಕಂಟಿನ್ಯೂಯಿಂಗ್ ಹೆಲ್ತ್‌ಕೇರ್ ಯೋಜನೆಯಲ್ಲಿ ಹೋಮಿನ ಖರ್ಚನ್ನೆಲ್ಲ ಹೊತ್ತರೂ ಇದೇ ನಿಯಮ. ಆದರೆ ನರ್ಸಿಂಗ್ ಹೋಮಿನಲ್ಲಿ ನರ್ಸಿನ ಆರೈಕೆಗೆಂದು ಎನ್‌ಎಚ್‌ಎಸ್ ನೇರವಾಗಿ ಹೋಮಿಗೆ ಕೊಡುವ, ಫಂಡೆಡ್ ನರ್ಸಿಂಗ್ ಕೇರ್ ಎಂಬ ಹಣವಿದೆಯಲ್ಲ (2025-26ರಲ್ಲಿ ಇಂಗ್ಲೆಂಡಿನಲ್ಲಿ ವಾರಕ್ಕೆ 254.06 ಪೌಂಡ್), ಅದರಿಂದ ಭತ್ಯೆಗೆ ಏನೂ ಆಗುವುದಿಲ್ಲ. ಇವೆರಡನ್ನೂ ಒಂದೇ ಎಂದುಕೊಂಡು ಗಾಬರಿಯಾಗಿ ಭತ್ಯೆ ಬಿಟ್ಟುಕೊಟ್ಟವರಿದ್ದಾರೆ. ಹೋಮಿನವರು ಕೊಡುವ ಪತ್ರದಲ್ಲಿ ಯಾವ ಹೆಸರಿದೆ ಎಂದು ಓದಿ ನೋಡಿ.

ಈ 28 ದಿನಗಳನ್ನು ಎಣಿಸುವ ಕ್ರಮ ಗೊತ್ತಿರಲಿ. ಸೇರಿದ ದಿನ, ಬಿಟ್ಟ ದಿನ ಎರಡೂ ಲೆಕ್ಕಕ್ಕಿಲ್ಲ. ಮಾರ್ಚ್ 3ಕ್ಕೆ ಸೇರಿ 17ಕ್ಕೆ ಮನೆಗೆ ಬಂದರೆ 13 ದಿನ. ಮನೆಗೆ ಬಂದು 28 ದಿನ ಅಥವಾ ಅದಕ್ಕಿಂತ ಕಡಿಮೆ ಇದ್ದು ಮತ್ತೆ ಸೇರಿದರೆ ಹಳೆಯ ದಿನಗಳೂ ಸೇರಿಕೊಳ್ಳುತ್ತವೆ. 29 ದಿನ ಮನೆಯಲ್ಲಿದ್ದರೆ ಎಣಿಕೆ ಹೊಸದಾಗಿ ಶುರು. ಆಸ್ಪತ್ರೆಯ ದಿನಗಳನ್ನೂ ಇದೇ ಲೆಕ್ಕಕ್ಕೆ ಹಿಡಿಯುತ್ತಾರೆ. ಬಿದ್ದು ಸೊಂಟ ಮುರಿದು 20 ದಿನ ಎನ್‌ಎಚ್‌ಎಸ್ ಆಸ್ಪತ್ರೆಯಲ್ಲಿದ್ದು, ಅಲ್ಲಿಂದ ನೇರವಾಗಿ ಕೌನ್ಸಿಲ್ ಹಣ ಕೊಡುವ ಹೋಮಿಗೆ ಹೋದವರಿಗೆ ಉಳಿಯುವುದು 8 ದಿನ ಮಾತ್ರ. ಕೇರ್ ಹೋಮ್ ಸೇರುವ ದಾರಿ ಬಹಳ ಸಲ ಆಸ್ಪತ್ರೆಯ ಮೂಲಕವೇ ಹೋಗುವುದರಿಂದ ಜನ ಎಡವುವುದು ಇಲ್ಲೇ. ಹಣ ಬರುತ್ತಲೇ ಇರುತ್ತದೆ, ಆಮೇಲೆ ವಾಪಸು ಕೊಡಿ ಎಂದು ಪತ್ರ ಬರುತ್ತದೆ.

ಇನ್ನು ನಿಮ್ಮ ಅತ್ತೆಯ ಮನೆಯ ವಿಷಯ. ಇದನ್ನು ನಿಧಾನವಾಗಿ ಓದಿ, ನಿಮ್ಮ ಹಣ ಇರುವುದು ಇಲ್ಲಿ.

ಇಂಗ್ಲೆಂಡಿನಲ್ಲಿ ಆಸ್ತಿ 23,250 ಪೌಂಡ್ ಮೀರಿದರೆ ಕೌನ್ಸಿಲ್ ನೆರವು ಕೊಡುವುದಿಲ್ಲ. ಆದರೆ ಕಾಯಂ ಆಗಿ ಸೇರಿದ ಮೊದಲ 12 ವಾರ ಮನೆಯ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಉಳಿತಾಯ ಆ ಮಿತಿಗಿಂತ ಕಡಿಮೆಯಿದ್ದರೆ ಆ 12 ವಾರ ಕೌನ್ಸಿಲ್ ಪಾಲು ಕೊಡುತ್ತದೆ, ಹಾಗಾಗಿ ಭತ್ಯೆ 28 ದಿನಕ್ಕೆ ನಿಲ್ಲುತ್ತದೆ. 12 ವಾರ ಮುಗಿದ ಮೇಲೆ ಮನೆಯ ಬೆಲೆ ಲೆಕ್ಕಕ್ಕೆ ಬಂದು ಅವರು ಸ್ವಂತ ಹಣ ಕಟ್ಟುವವರಾಗುತ್ತಾರೆ. ಮನೆ ಮಾರುವ ತನಕ ಕೌನ್ಸಿಲ್ ಸಾಲದ ರೂಪದಲ್ಲಿ ಬಿಲ್ಲು ಕಟ್ಟಿ, ಆಮೇಲೆ ಮನೆಯ ಹಣದಿಂದ ಪೂರ್ತಿ ವಸೂಲಿ ಮಾಡಿಕೊಳ್ಳುವ ಒಪ್ಪಂದಕ್ಕೆ ಡೆಫರ್ಡ್ ಪೇಮೆಂಟ್ ಅಗ್ರಿಮೆಂಟ್ ಎನ್ನುತ್ತಾರೆ. ಕೌನ್ಸಿಲ್ ಚೆಕ್ ಬರೆಯುತ್ತಿದ್ದರೂ ಅದು ತೀರಿಸಬೇಕಾದ ಸಾಲ. ಆದ್ದರಿಂದ ಆ ಅವಧಿಯಲ್ಲಿ ಅತ್ತೆ ಸ್ವಂತ ಖರ್ಚಿನಲ್ಲೇ ಇದ್ದಂತೆ, ಭತ್ಯೆ ಮತ್ತೆ ಸಲ್ಲಬೇಕು.

ದಿನಾಂಕ ಹಾಕಿ ನೋಡೋಣ. 2025ರ ಜೂನ್ 1ಕ್ಕೆ ಸೇರಿದರು ಎನ್ನಿ. ಜೂನ್ 2ರಿಂದ ಎಣಿಕೆ. 29ಕ್ಕೆ 28 ದಿನ ತುಂಬಿತು, 30ರಿಂದ ಭತ್ಯೆ ಇಲ್ಲ. 12 ವಾರ ಆಗಸ್ಟ್ 23ಕ್ಕೆ ಮುಗಿಯುತ್ತದೆ. ಒಪ್ಪಂದ ಆಗಸ್ಟ್ 24ರಿಂದ ಜಾರಿಯಾದರೆ ಅಂದಿನಿಂದ ಭತ್ಯೆ ಮತ್ತೆ ಶುರುವಾಗಬೇಕು. ಆದರೆ ಅದು ತಾನಾಗಿ ಶುರುವಾಗುತ್ತದೆ ಎಂದು ನಂಬಿ ಕೂರಬೇಡಿ. ಭತ್ಯೆ ಕೊಡುವ ಸರ್ಕಾರಿ ಇಲಾಖೆಯಾದ ಡಿಡಬ್ಲ್ಯುಪಿಗೆ ಕೌನ್ಸಿಲ್ಲಿನ ಕಡತ ಕಾಣಿಸುವುದಿಲ್ಲ. ಹೊಸ ಅರ್ಜಿ ಬೇಡ, ಭತ್ಯೆಯ ಹಕ್ಕು ಹೋಗಿರುವುದಿಲ್ಲ, ಪಾವತಿ ಮಾತ್ರ ತಡೆದಿರುತ್ತದೆ. ನೀವು ಫೋನ್ ಮಾಡಿ ಒಪ್ಪಂದದ ಪ್ರತಿ ಕಳಿಸಬೇಕು. ಒಂದು ತಿಂಗಳೊಳಗೆ ತಿಳಿಸಿ, ತಡವಾದರೆ ಹಿಂದಿನ ಬಾಕಿ ಕೈತಪ್ಪಬಹುದು. 2025-26ರ ಹೆಚ್ಚಿನ ದರ ವಾರಕ್ಕೆ 110.40 ಪೌಂಡ್ (ಕಡಿಮೆ ದರ 73.90). ಆರು ತಿಂಗಳು ಯಾರೂ ಗಮನಿಸದಿದ್ದರೆ 26 ವಾರಕ್ಕೆ 2,870 ಪೌಂಡ್. ಅಷ್ಟು ಹಣ ಬಂದಿದ್ದರೆ ಸಾಲ ಅಷ್ಟು ಕಡಿಮೆ ಬೆಳೆಯುತ್ತಿತ್ತು.

ಅತ್ತೆಯ ಜೊತೆ ಗಂಡನೋ, 60 ದಾಟಿದ ಹತ್ತಿರದ ಸಂಬಂಧಿಯೋ ಆ ಮನೆಯಲ್ಲಿ ವಾಸವಿದ್ದಿದ್ದರೆ ಮನೆಯನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಆಗ ಕೌನ್ಸಿಲ್ ನೆರವು ಮುಂದುವರಿಯುತ್ತದೆ, ಭತ್ಯೆ ನಿಂತೇ ಇರುತ್ತದೆ. ಇನ್ನೂ ಚೆನ್ನಾದ ಹೋಮ್ ಬೇಕೆಂದು ಮಕ್ಕಳು ಮೇಲೆ ಹಣ ಸೇರಿಸಿದರೂ ಕೌನ್ಸಿಲ್ಲಿನ ಪಾಲು ಇರುವ ತನಕ ಭತ್ಯೆ ಮರಳುವುದಿಲ್ಲ.

ಕೌನ್ಸಿಲ್ಲಿನ ಲೆಕ್ಕದ ಹಾಳೆಯನ್ನು ಕೇಳಿ ಪಡೆದು ಸಾಲು ಸಾಲಾಗಿ ನೋಡಿ. ಕಾಯಂ ವಾಸಿಗಳಿಗೆ ಈ ಭತ್ಯೆಯನ್ನು ಆದಾಯವೆಂದು ಹಿಡಿದು ಅವರು ಕಟ್ಟಬೇಕಾದ ಪಾಲನ್ನು ನಿಗದಿ ಮಾಡುತ್ತಾರೆ. ಮೊದಲ 28 ದಿನಕ್ಕೆ ಅದು ಸರಿ. 29ನೇ ದಿನದಿಂದ ಆ ಆದಾಯವೇ ಇರುವುದಿಲ್ಲ, ಆದರೆ ಹಾಳೆಯಲ್ಲಿ 110.40 ಹಾಗೇ ಉಳಿದಿರುತ್ತದೆ. ಬರದ ಹಣಕ್ಕೆ ಬಿಲ್ಲು ಬರುತ್ತದೆ. ಅದರ ಮೇಲೆ, ಕೌನ್ಸಿಲ್ ನೆರವು ಪಡೆಯುವವರ ಕೈಖರ್ಚಿಗೆ ವಾರಕ್ಕೆ ಕನಿಷ್ಠ 30.65 ಪೌಂಡ್ (2025-26, ಇಂಗ್ಲೆಂಡ್) ಬಿಡಲೇಬೇಕು. ಆ ಸಾಲು ಹಾಳೆಯಲ್ಲಿ ಇಲ್ಲದಿದ್ದರೆ ಲೆಕ್ಕ ತಪ್ಪಿದೆ ಎಂದೇ ಅರ್ಥ. ಭತ್ಯೆ ನಿಂತ ದಿನಾಂಕವಿರುವ ಪತ್ರದ ಜೊತೆ ಮರುಲೆಕ್ಕ ಮಾಡಿಕೊಡಿ ಎಂದು ಬರೆದು ಕೇಳಿ.

ನಿಮ್ಮ ಕೇರರ್ಸ್ ಅಲವೆನ್ಸ್ (2025-26ರಲ್ಲಿ ವಾರಕ್ಕೆ 83.30) ಅತ್ತೆಯ ಭತ್ಯೆಗೆ ಕಟ್ಟುಬಿದ್ದಿದೆ. ಅದು ನಿಂತರೆ ಇದೂ ನಿಲ್ಲುತ್ತದೆ. ಅದು ಮುಂದುವರಿದರೂ ನೀವು ವಾರಕ್ಕೆ 35 ಗಂಟೆ ನೋಡಿಕೊಳ್ಳುತ್ತಿಲ್ಲ ಎಂದಾದ ಮೇಲೆ ನಿಮಗೆ ಸಲ್ಲುವುದಿಲ್ಲ. ಬಿಡುವೆಂದು 26 ವಾರಗಳಲ್ಲಿ 4 ವಾರದ ರಿಯಾಯಿತಿ ಮಾತ್ರ ಇದೆ. ಇದನ್ನು ನೋಡುವ ಘಟಕ ಬೇರೆ. ಅತ್ತೆಯ ಭತ್ಯೆಯ ಕಚೇರಿಗೆ ಹೇಳಿದ್ದು ಇವರಿಗೆ ಮುಟ್ಟಿತೆಂದು ತಿಳಿಯಬೇಡಿ, ಎರಡು ಕಡೆಗೂ ಬೇರೆ ಬೇರೆಯಾಗಿ ತಿಳಿಸಿ.

ನಿಮ್ಮದು ನಿಂತಾಗ ಅತ್ತೆಗೆ ಒಂದು ಬಾಗಿಲು ತೆರೆಯುತ್ತದೆ, ಇದನ್ನು ಹೇಳುವವರು ಕಡಿಮೆ. ಕಡಿಮೆ ಆದಾಯದ ಹಿರಿಯರಿಗೆ ಕೊಡುವ ಪೆನ್ಷನ್ ಕ್ರೆಡಿಟ್‌ನಲ್ಲಿ ತೀವ್ರ ಅಂಗವೈಕಲ್ಯಕ್ಕೆಂದು ಒಂದು ಸೇರ್ಪಡೆಯಿದೆ (2025-26ರಲ್ಲಿ ವಾರಕ್ಕೆ 82.90 ಪೌಂಡ್). ಅವರಿಗಾಗಿ ಯಾರಾದರೂ ಕೇರರ್ಸ್ ಅಲವೆನ್ಸ್ ಪಡೆಯುತ್ತಿರುವ ತನಕ ಅದು ಸಿಗುವುದಿಲ್ಲ. ನಿಮ್ಮದು ನಿಂತು, 12 ವಾರದ ನಂತರ ಅವರ ಭತ್ಯೆ ಮರಳಿದರೆ ಆ ಸೇರ್ಪಡೆಗೆ ದಾರಿಯಾಗುತ್ತದೆ. ಮನೆಯನ್ನು ನಿಜವಾಗಿಯೂ ಮಾರಾಟಕ್ಕಿಟ್ಟಿದ್ದರೆ 26 ವಾರ ಪೆನ್ಷನ್ ಕ್ರೆಡಿಟ್ ಮನೆಯ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ತಕ್ಕ ಕಾರಣವಿದ್ದರೆ ಇನ್ನೂ ವಿಸ್ತರಿಸುತ್ತಾರೆ. ಮಾರದೆ ಹಾಗೇ ಇಟ್ಟರೆ ಈ ದಾರಿ ಮುಚ್ಚುತ್ತದೆ.

ಫೋನ್ ಮಾಡುವಾಗ ಕೈಯಲ್ಲಿ ಇಷ್ಟು ಇರಲಿ: ಅತ್ತೆಯ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ, ಹೋಮಿನ ಹೆಸರು ವಿಳಾಸ, ಸೇರಿದ ದಿನಾಂಕ, ಅದಕ್ಕೂ ಮೊದಲು ಆಸ್ಪತ್ರೆಯಲ್ಲಿದ್ದರೆ ಆ ದಿನಾಂಕಗಳು, ಕೌನ್ಸಿಲ್ ಯಾವ ದಿನದಿಂದ ಹಣ ಕೊಡುತ್ತಿದೆ ಎಂಬುದು. ಫೋನ್ ಸಂಖ್ಯೆ ಭತ್ಯೆ ಮಂಜೂರಾದ ಪತ್ರದ ಮೇಲಿರುತ್ತದೆ. ಮಾತಾಡಿದ ದಿನ, ಹೊತ್ತು, ಮಾತಾಡಿದವರ ಹೆಸರು ಬರೆದಿಟ್ಟುಕೊಂಡು, ಅದೇ ವಿಷಯವನ್ನು ಪತ್ರದಲ್ಲೂ ಕಳಿಸಿ. ಅತ್ತೆ ತಾವೇ ಮಾತಾಡುವ ಸ್ಥಿತಿಯಲ್ಲಿಲ್ಲದಿದ್ದರೆ ನೀವು ಅವರ ಅಪಾಯಿಂಟಿ (ಅವರ ಪರವಾಗಿ ಭತ್ಯೆಯ ವ್ಯವಹಾರ ನೋಡುವವರು) ಆಗಬೇಕು. ಅದಕ್ಕೆ ಬಿಎಫ್56 ನಮೂನೆ. ಪವರ್ ಆಫ್ ಅಟಾರ್ನಿ ಇದ್ದರೆ ಅದನ್ನು ಡಿಡಬ್ಲ್ಯುಪಿಗೂ ತೋರಿಸಿರಬೇಕು. ಬ್ಯಾಂಕ್ ಖಾತೆಗೆ ನಿಮ್ಮ ಸಹಿ ನಡೆಯುತ್ತದೆ ಎಂದ ಮಾತ್ರಕ್ಕೆ ಅವರು ನಿಮ್ಮೊಂದಿಗೆ ಮಾತಾಡುವುದಿಲ್ಲ. ಈ ಕೆಲಸಕ್ಕೆ ವಾರಗಟ್ಟಲೆ ಹಿಡಿಯುವುದರಿಂದ ಸೇರಿಸುವ ಮುಂಚೆಯೇ ಶುರುಮಾಡಿ.

ಇದೇ ಪ್ರಶ್ನೆ ಹೊತ್ತು ಬರುವ ಬೇರೆಯವರಿಗೆ ಒಂದೆರಡು ಮಾತು. ಪಿಂಚಣಿ ವಯಸ್ಸಿಗೆ ಮುಂಚಿನಿಂದ ಪಿಐಪಿ ಅಥವಾ ಡಿಎಲ್‌ಎ (ಅಂಗವೈಕಲ್ಯಕ್ಕೆ ಕೊಡುವ ಬೇರೆ ಭತ್ಯೆಗಳು) ಬರುತ್ತಿರುವವರಿಗೆ ಆರೈಕೆಯ ಭಾಗಕ್ಕೆ ಇದೇ 28 ದಿನದ ನಿಯಮ. ಕೌನ್ಸಿಲ್ ಹಣ ಕೊಡುವ ಹೋಮಿನಲ್ಲೂ ಓಡಾಟದ ಭಾಗ ಮುಂದುವರಿಯುತ್ತದೆ. ಅಂಥವರು ಅಟೆಂಡೆನ್ಸ್ ಅಲವೆನ್ಸ್‌ಗೆ ಬದಲಾಗಬಾರದು, ಅದರಲ್ಲಿ ಓಡಾಟದ ಭಾಗವೇ ಇಲ್ಲ. ಸ್ಕಾಟ್ಲೆಂಡಿನಲ್ಲಿ 2025ರ ಏಪ್ರಿಲ್‌ನಿಂದ ಹೊಸ ಅರ್ಜಿಗಳಿಗೆ ಅಟೆಂಡೆನ್ಸ್ ಅಲವೆನ್ಸ್ ಬದಲು ಪೆನ್ಷನ್ ಏಜ್ ಡಿಸೆಬಿಲಿಟಿ ಪೇಮೆಂಟ್ ಬಂದಿದೆ. ಅಲ್ಲಿ ಸ್ವಂತ ಹಣ ಕಟ್ಟುವವರಿಗೂ ಕೌನ್ಸಿಲ್ ಉಚಿತ ವೈಯಕ್ತಿಕ ಆರೈಕೆಯ ಹಣ ಕೊಡುವುದರಿಂದ, ಅದನ್ನು ತೆಗೆದುಕೊಂಡರೆ ಭತ್ಯೆ ನಿಲ್ಲುತ್ತದೆ.

ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡವರು ಅರ್ಜಿ ಹಾಕುವ ಮೊದಲು ವೀಸಾ ನೋಡಲೇಬೇಕು. ಈ ಭತ್ಯೆ ಸಾರ್ವಜನಿಕ ನಿಧಿಗಳ ಪಟ್ಟಿಯಲ್ಲಿದೆ. ಸಾರ್ವಜನಿಕ ನಿಧಿ ಪಡೆಯುವಂತಿಲ್ಲ ಎಂಬ ಷರತ್ತಿದ್ದರೆ ವಲಸೆ ಕಾನೂನು ತಿಳಿದವರನ್ನು ಕೇಳದೆ ನಮೂನೆ ಮುಟ್ಟಬೇಡಿ, ವೀಸಾಕ್ಕೇ ಕುತ್ತು ಬರಬಹುದು. ಷರತ್ತಿಲ್ಲದಿದ್ದರೂ ಹಿಂದಿನ 156 ವಾರಗಳಲ್ಲಿ 104 ವಾರ ಗ್ರೇಟ್ ಬ್ರಿಟನ್ನಿನಲ್ಲಿ ಇದ್ದಿರಬೇಕೆಂಬುದು ಸಾಮಾನ್ಯ ನಿಯಮ.

ಭತ್ಯೆಯೇ ಇಲ್ಲದೆ ಹೋಮ್ ಸೇರಿ ಪೂರ್ತಿ ಬಿಲ್ಲು ತಾವೇ ಕಟ್ಟುತ್ತಿರುವವರೂ ಅರ್ಜಿ ಹಾಕಬಹುದು. ಆರೈಕೆ ಬೇಕಾಗಿ ಆರು ತಿಂಗಳಾಗಿರಬೇಕು. ನಮೂನೆಯನ್ನು ಫೋನ್ ಮಾಡಿ ತರಿಸಿಕೊಂಡು 6 ವಾರದೊಳಗೆ ಕಳಿಸಿದರೆ ಫೋನ್ ಮಾಡಿದ ದಿನದಿಂದಲೇ ಹಣ ಲೆಕ್ಕ ಹಾಕುತ್ತಾರೆ. ಹೋಮಿನವರ ಹತ್ತಿರ ರಾತ್ರಿಯ ದಾಖಲೆ ಇರುತ್ತದೆ: 1 ಗಂಟೆಗೆ ಮಗ್ಗುಲು ಬದಲಿಸಿದ್ದು, 3ಕ್ಕೆ ಒದ್ದೆ ಹಾಸಿಗೆ ತೆಗೆದದ್ದು, 5ಕ್ಕೆ ಶೌಚಕ್ಕೆ ಕರೆದೊಯ್ದದ್ದು. ಹಗಲು ರಾತ್ರಿ ಎರಡೂ ಹೊತ್ತು ಆರೈಕೆ ಬೇಕೆಂದು ತೋರಿಸಿದವರಿಗೆ ಹೆಚ್ಚಿನ ದರ. ಒಂದು ವಾರದ ಆ ಹಾಳೆಗಳ ಪ್ರತಿಯನ್ನು ನಮೂನೆಯ ಜೊತೆಗೇ ಇಟ್ಟು ಕಳಿಸಿ.