ಕೆಲವೇ ತಿಂಗಳು ಒಂದೇ ಮನೆಯಲ್ಲಿ ಇದ್ದವರ ಮೇಲೆ, ಅದೂ ನಮಗೆ ಪೂರ್ತಿ ಉಲ್ಟಾ ಇರುವವರ ಮೇಲೆ ಪ್ರೀತಿಯಾದರೆ ನಂಬಬಹುದೇ?

ನೀವು ಕೇಳಿದ್ದು ಇಷ್ಟು: ಕೆಲವು ತಿಂಗಳ ಮಟ್ಟಿಗೆ ಅಂತ ಒಬ್ಬರ ಜೊತೆ ಮನೆ ಹಂಚಿಕೊಂಡಿದ್ದೀರಿ. ಅವರು ಎಲ್ಲದರಲ್ಲೂ ನಿಮಗೆ ಉಲ್ಟಾ, ನಿಮ್ಮ ಹಾಗೆ ತಟ್ಟನೆ ಉತ್ತರ ಕೊಡುವವರೂ ಅಲ್ಲ. ಆದರೂ ಅವರ ಮೇಲೆ ಮನಸ್ಸಾಗಿದೆ. ಮನೆ ಬಿಡುವ ದಿನ ಹತ್ತಿರ ಬಂದಿದೆ. ಇದು ಪ್ರೀತಿಯೋ, ದಿನಾ ಮುಖ ನೋಡಿ ಆದ ಅಭ್ಯಾಸವೋ? ಹೇಳಬೇಕೋ, ಬೇಡವೋ?

ನಂಬಬಹುದು ಅಂತಲೇ ಹೇಳುತ್ತೇನೆ. ಆದರೆ ನೀವಿಬ್ಬರೂ ಯಾವ ವಿಷಯದಲ್ಲಿ ಬೇರೆ ಬೇರೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ನಾನು ಮದುವೆಯಾಗಿದ್ದು ಹೀಗೇ ಸಿಕ್ಕವರನ್ನು, ಹಾಗಾಗಿ ಈ ಪ್ರಶ್ನೆಯನ್ನು ತುಂಬಾ ದಿನ ತಲೆಯಲ್ಲಿ ಇಟ್ಟುಕೊಂಡು ಓಡಾಡಿದ್ದೇನೆ.

ನಾನು ಬೆಳಕು ಹರಿಯುವ ಮೊದಲೇ ಏಳುವವಳು. ಇವರು ಹೆಚ್ಚುಕಡಿಮೆ ಆ ಹೊತ್ತಿಗೆ ಮಲಗುವವರು. ನನಗೆ ಪ್ರತಿ ವಸ್ತುವಿಗೂ ಒಂದು ಜಾಗ ಬೇಕು. ಇವರ ಪುಸ್ತಕ ಕುರ್ಚಿಯ ಮೇಲೆ, ಕನ್ನಡಕ ಕಿಟಕಿಯಲ್ಲಿ, ಚಪ್ಪಲಿ ಒಂದು ಬಾಗಿಲ ಹತ್ತಿರ, ಇನ್ನೊಂದು ಮಂಚದ ಕೆಳಗೆ. ನನಗೆ ಕೋಪ ಬಂದರೆ ಆಗಲೇ ಹೇಳಿ ಮುಗಿಸುತ್ತೇನೆ. ಇವರು ಎರಡು ದಿನ ಯೋಚಿಸಿ ಒಂದು ಮಾತು ಆಡುತ್ತಾರೆ. ನನ್ನ ಟ್ರೇನಿಂಗ್ ಮುಗಿಯುವವರೆಗೆ, ಇವರ ಸ್ವಂತ ಮನೆಯ ರಿಪೇರಿ ಮುಗಿಯುವವರೆಗೆ ಅಂತ ಒಂದು ಮನೆಯ ಎರಡು ರೂಮುಗಳಲ್ಲಿ ಇದ್ದೆವು. ಶುರುವಲ್ಲಿ ನಮ್ಮ ನಡುವೆ ಅಷ್ಟಕ್ಕಷ್ಟೇ.

ಇವರು ತಡವಾಗಿ ಬಂದ ರಾತ್ರಿಗಳಲ್ಲಿ ನನಗೆ ಎಚ್ಚರವೇ ಆಗುತ್ತಿರಲಿಲ್ಲ. ಆ ಮನೆಯ ಬಾಗಿಲ ಚಿಲಕವೋ, ಸ್ವಲ್ಪ ಮುಟ್ಟಿದರೂ ಕಿರ್ ಅನ್ನುವಂಥದ್ದು. ಒಂದು ಸಲ ನೀರು ಕುಡಿಯಲು ಎದ್ದಾಗ ಕತ್ತಲಲ್ಲಿ ಕಂಡಿತು. ಇವರು ಒಂದು ಕೈಯಲ್ಲಿ ಚಿಲಕ ಹಿಡಿದು, ಇನ್ನೊಂದು ಕೈಯ ಬೆರಳನ್ನು ಅದರ ಕೆಳಗೆ ಕೊಟ್ಟು, ಕೂದಲೆಳೆಯಷ್ಟೇ ಸರಿಸಿ, ನಿಲ್ಲಿಸಿ, ಮತ್ತೆ ಸರಿಸುತ್ತಿದ್ದರು. ಬೆರಳು ಸಿಕ್ಕಿ ನೋವಾಗಿರಬೇಕು, ಕೈ ಕೊಡವಿಕೊಂಡರು, ಆದರೂ ಸದ್ದು ಮಾಡಲಿಲ್ಲ. ನಾನು ನೋಡುತ್ತಿದ್ದೇನೆ ಅಂತ ಇವರಿಗೆ ಗೊತ್ತಿರಲಿಲ್ಲ. ಚಪ್ಪಲಿ ಜೋಡಿಸಿ ಇಡಲು ಬಾರದ ಮನುಷ್ಯ ಇಷ್ಟು ಜೋಪಾನ ಮಾಡುತ್ತಾರಾ ಅಂತ ನನಗೆ ಆಶ್ಚರ್ಯ. ಇವರನ್ನು ಬೇರೆ ಕಣ್ಣಿನಿಂದ ನೋಡಲು ಶುರು ಮಾಡಿದ್ದು ಅವತ್ತಿನಿಂದ.

ಹೊರಗೆ ಭೇಟಿಯಾಗುವವರು ತಲೆ ಬಾಚಿ, ಒಳ್ಳೆ ಬಟ್ಟೆ ಹಾಕಿ, ಒಳ್ಳೆ ಮಾತು ಹೊಂದಿಸಿಕೊಂಡು ಬರುತ್ತಾರೆ. ಕೆಲವು ತಿಂಗಳಿಗೆ ಅಂತ ಮನೆ ಹಂಚಿಕೊಂಡವರಿಗೆ ಆ ಗೋಜು ಇಲ್ಲ. ಹೇಗಿದ್ದರೂ ಹೋಗುವವರು ತಾನೆ, ಇವರನ್ನು ಮೆಚ್ಚಿಸಿ ಏನಾಗಬೇಕು ಅಂತ ಇಬ್ಬರೂ ಇದ್ದ ಹಾಗೇ ಇರುತ್ತಾರೆ. ಜ್ವರ ಬಂದಾಗ, ಕರೆಂಟ್ ಬಿಲ್ ಕಟ್ಟುವಾಗ, ಬಚ್ಚಲು ತೊಳೆಯುವ ಸರದಿ ಬಂದಾಗ ಅವರು ಹೇಗಿರುತ್ತಾರೆ ಅಂತ ನಿಮಗೆ ಈಗಾಗಲೇ ಗೊತ್ತು. ವರ್ಷಗಟ್ಟಲೆ ಹೊರಗೆ ಓಡಾಡಿದವರಿಗೂ ಇದು ಗೊತ್ತಿರುವುದಿಲ್ಲ. ಇದನ್ನು ಕಡಿಮೆ ಅಂದುಕೊಳ್ಳಬೇಡಿ.

ಅಭ್ಯಾಸ ಇರಬಹುದಾ ಅನ್ನುವ ನಿಮ್ಮ ಅನುಮಾನಕ್ಕೂ ಬುಡ ಇದೆ. ಲಿಯಾನ್ ಫೆಸ್ಟಿಂಗರ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ಅಮೆರಿಕದ ಎಂಐಟಿ ಅನ್ನುವ ವಿಶ್ವವಿದ್ಯಾಲಯದ ವಿದ್ಯಾರ್ಥಿ ವಸತಿಯಲ್ಲಿ ಮಾಡಿದ ಅಧ್ಯಯನ 1950ರಲ್ಲಿ ಪುಸ್ತಕವಾಗಿ ಬಂತು. ಪಕ್ಕದ ಬಾಗಿಲಿನವರನ್ನು ಗೆಳೆಯರು ಅಂತ ಹೆಸರಿಸಿದವರು ಶೇ. 41. ಅದೇ ಮಹಡಿಯ ಇನ್ನೊಂದು ತುದಿಯವರಾದರೆ ಬರೀ ಶೇ. 10. ಅಂದರೆ ಹತ್ತಿರ ಇದ್ದರೆ ಸಾಕು, ಅರ್ಧ ಕೆಲಸ ಆದಂತೆ. ಆದರೆ ಎಬ್ಬೆಸೆನ್ ಮತ್ತು ಜೊತೆಗಾರರು 1976ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಇದರ ಮತ್ತೊಂದು ಮಗ್ಗುಲು ತೋರಿಸಿತು. ಜನರಿಗೆ ಆಗದವರೂ ಹತ್ತಿರದಲ್ಲೇ ಇದ್ದರು! ಹತ್ತಿರ ಇದ್ದ ಮಾತ್ರಕ್ಕೆ ಪ್ರೀತಿ ಹುಟ್ಟುವುದಾದರೆ ಮನೆ ಹಂಚಿಕೊಂಡವರು ಇಷ್ಟು ಜಗಳ ಆಡುತ್ತಿರಲಿಲ್ಲ ಅಲ್ವಾ? ಅದೇ ಸಿಂಕ್, ಅದೇ ಸದ್ದು, ಅದೇ ಒದ್ದೆ ಟವೆಲ್. ಇಷ್ಟೆಲ್ಲದರ ನಡುವೆಯೂ ನಿಮಗೆ ಅವರು ಬೇಕು ಅನಿಸಿದೆ ಅಂದರೆ ಅದಕ್ಕೆ ತೂಕ ಇದೆ.

ಇನ್ನು ಉಲ್ಟಾ ಅನ್ನುವ ಮಾತು. ಎದುರು ಬದುರು ಸ್ವಭಾವದವರೇ ಸೆಳೆಯುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು ಲಕ್ಷಾಂತರ ಜೋಡಿಗಳ ಮಾಹಿತಿ ಜಾಲಾಡಿ 2023ರಲ್ಲಿ ಹೇಳಿದ್ದು ಬೇರೆಯೇ. ಓದು, ನಂಬಿಕೆ, ರಾಜಕೀಯ ನಿಲುವು ಇಂಥವುಗಳಲ್ಲಿ ಜೋಡಿಗಳು ಒಂದೇ ಥರ ಇರುವುದೇ ಜಾಸ್ತಿ. ಮಾತುಗಾರರೋ ಮೌನಿಗಳೋ ಅನ್ನುವಂಥ ಸ್ವಭಾವದಲ್ಲಿ ಆ ಹೋಲಿಕೆ ತೀರಾ ಕಡಿಮೆ. ಬೇಗ ಏಳುವವರು, ತಡವಾಗಿ ಮಲಗುವವರು ಅನ್ನುವ ಒಂದು ವಿಷಯದಲ್ಲಂತೂ ವಿರುದ್ಧದವರು ಜೋಡಿಯಾಗುವ ಸಣ್ಣ ಒಲವೂ ಕಂಡಿತು. ಅದನ್ನು ಓದಿ ನನಗೆ ಎಷ್ಟು ಖುಷಿಯಾಯಿತು ಅಂದರೆ, ಇವರು ಏಳುವವರೆಗೂ ಕಾಯಲಾಗದೆ ಹೋಗಿ ಎಬ್ಬಿಸಿದೆ.

ಹಾಗಾಗಿ ನಿಮ್ಮ "ಎಲ್ಲದರಲ್ಲೂ ಉಲ್ಟಾ" ಅನ್ನುವುದನ್ನು ಬಿಡಿಸಿ ನೋಡಿ. ನಿದ್ದೆ, ಗದ್ದಲ, ಅಚ್ಚುಕಟ್ಟು, ಮಾತಿನ ವೇಗ, ಜನ ಬೇಕೋ ಏಕಾಂತ ಬೇಕೋ, ಇವೆಲ್ಲ ಹೊಂದಿಕೊಂಡು ಹೋಗುವಂಥ ವ್ಯತ್ಯಾಸಗಳು. ಸುಲಭ ಅಂತಲ್ಲ, ಇವತ್ತಿಗೂ ಇವರ ಕನ್ನಡಕ ಹುಡುಕುವುದು ನಾನೇ. ಆದರೆ ಸಾಲ ಮಾಡಿದರೆ ತೀರಿಸಬೇಕು ಅನ್ನುವುದರಲ್ಲಿ, ಸುಳ್ಳು ಹೇಳಬಾರದು ಅನ್ನುವುದರಲ್ಲಿ, ತನಗಿಂತ ಕೈಲಾಗದವರನ್ನು ಹೇಗೆ ಮಾತಾಡಿಸಬೇಕು ಅನ್ನುವುದರಲ್ಲಿ, ಮಕ್ಕಳು ಬೇಕೋ ಬೇಡವೋ ಅನ್ನುವುದರಲ್ಲಿ ನೀವು ಬೇರೆ ಬೇರೆ ಇದ್ದರೆ ಆ ಸೆಳೆತ ಎಷ್ಟೇ ಜೋರಾಗಿರಲಿ, ನಾನು ಮುಂದೆ ಹೋಗು ಅನ್ನುವುದಿಲ್ಲ.

ಇನ್ನೊಂದು ಮಾತು. ಡಯೇನ್ ಫೆಲ್ಮ್‌ಲೀ ಅನ್ನುವ ಸಮಾಜಶಾಸ್ತ್ರಜ್ಞೆ 1995ರಲ್ಲಿ ಬರೆದಿದ್ದು: ಮೊದಲು ಮನಸ್ಸು ಗೆದ್ದ ಗುಣವೇ ಎಷ್ಟೋ ಸಲ ಆಮೇಲೆ ಸಹಿಸಲಾಗದ ಗುಣವಾಗುತ್ತದೆ. ತಮ್ಮಿಂದ ತೀರಾ ಬೇರೆಯಾದ ಗುಣಕ್ಕೆ ಮನಸೋತವರಲ್ಲಿ ಹೀಗಾಗುವುದು ಜಾಸ್ತಿ. ನಿಮಗೆ ಅವರಲ್ಲಿ ಇಷ್ಟವಾದದ್ದು ಏನು ಅಂತ ಕೇಳಿಕೊಳ್ಳಿ. "ಯಾವುದಕ್ಕೂ ತಲೆ ಕೆಡಿಸಿಕೊಳ್ಳಲ್ಲ" ಅನ್ನುವುದಾದರೆ, ನೀವು ಆಸ್ಪತ್ರೆಯಲ್ಲಿ ಇದ್ದಾಗಲೂ ಅವರು ತಲೆ ಕೆಡಿಸಿಕೊಳ್ಳದೆ ಇದ್ದರೆ ಹೇಗಿರುತ್ತದೆ ಅಂತ ಯೋಚಿಸಿ. ಆಗಲೂ ಅವರೇ ಬೇಕು ಅನಿಸಿದರೆ ಸರಿ.

ಈಗ ಮನೆ ಬಿಡುವ ವಿಷಯ. ಇಬ್ಬರಿಗೂ ಒಪ್ಪಿಗೆ ಇದೆ ಅಂತ ಗೊತ್ತಾದ ಕೂಡಲೇ "ಹಾಗಾದರೆ ಇನ್ನೊಂದು ಮನೆಯನ್ನೂ ಒಟ್ಟಿಗೇ ನೋಡೋಣ, ಬಾಡಿಗೆಯೂ ಉಳಿಯುತ್ತದೆ" ಅನ್ನುವ ಆಸೆ ಬರುತ್ತದೆ. ಬೇಡ. ಬಾಡಿಗೆ ಕರಾರು ಮುಗಿದದ್ದೇ ನೆಪವಾಗಿ ಬದುಕಿನ ದೊಡ್ಡ ತೀರ್ಮಾನ ಆಗಿಬಿಡಬಾರದು. ಸ್ಕಾಟ್ ಸ್ಟ್ಯಾನ್ಲಿ, ಗಲೀನಾ ರೋಡ್ಸ್ ಅನ್ನುವ, ಜೋಡಿಗಳ ಸಂಬಂಧದ ಬಗ್ಗೆ ಸಂಶೋಧನೆ ಮಾಡುವವರು 2006ರಿಂದ ಇದನ್ನೇ ಹೇಳುತ್ತಾ ಬಂದಿದ್ದಾರೆ: ತೀರ್ಮಾನ ಮಾಡಿ ಒಂದಾಗುವುದು ಬೇರೆ, ಅನುಕೂಲಕ್ಕೆ ಅಂತ ಜಾರಿಕೊಂಡು ಹೋಗಿ ಒಂದಾಗುವುದು ಬೇರೆ. ಜಾರಿದವರಿಗೆ ಆಮೇಲೆ ಬಿಟ್ಟು ಬರುವುದೂ ಕಷ್ಟ. ನಾವು ಬೇರೆ ಬೇರೆ ಮನೆಗೆ ಹೋದೆವು. ಇವರು ನನ್ನನ್ನು ನೋಡಬೇಕು ಅಂದರೆ ಬೆಳಗ್ಗೆ ಎದ್ದು ಬರಬೇಕಿತ್ತು, ಬಂದರು. ನಾನು ರಾತ್ರಿ ಇವರ ಫೋನಿಗಾಗಿ ಎಚ್ಚರ ಇದ್ದೆ. ಒಂದೇ ಸೂರಿನ ಕೆಳಗೆ ಇದ್ದಿದ್ದರೆ ಇದು ನಮಗೆ ಗೊತ್ತಾಗುತ್ತಲೇ ಇರಲಿಲ್ಲ.

ಹೇಳಬೇಕೋ ಬೇಡವೋ? ಖಂಡಿತ ಹೇಳಿ. ಆದರೆ ಅವರಿಗೆ ಮುಂದಿನ ಮನೆ ಗೊತ್ತಾದ ಮೇಲೆ, ಹೊರಡಲು ಕೆಲವೇ ದಿನ ಇರುವಾಗ ಹೇಳಿ. ಈಗಲೇ ಹೇಳಿ ಅವರಿಗೆ ಇಷ್ಟವಿಲ್ಲದಿದ್ದರೆ, ಅವರು ರಾತ್ರಿ ಮಲಗಲೂ ನಿಮ್ಮ ರೂಮಿನ ಮುಂದೆಯೇ ಹಾದು ಹೋಗಬೇಕು. ಕರಾರು ನಿಮ್ಮ ಹೆಸರಿನಲ್ಲಿದ್ದರೆ ಅವರಿಗೆ "ಇಲ್ಲ" ಅನ್ನುವುದು ಇನ್ನೂ ಕಷ್ಟ. ಮನೆಯೊಳಗೆ ಬೇಡ, ಹೊರಗೆ ನಡೆಯುತ್ತಾ ಹೇಳಿ. ನೇರವಾಗಿ, ಎರಡೇ ಮಾತಲ್ಲಿ. ಅವರು ನಿಮ್ಮ ಹಾಗೆ ತಟ್ಟನೆ ಉತ್ತರ ಕೊಡುವವರಲ್ಲ ಅಂತ ನೀವೇ ಬರೆದಿದ್ದೀರಿ, ಹಾಗಾಗಿ ಅವತ್ತೇ ಉತ್ತರ ಕೇಳಬೇಡಿ.